ಚುಕ್ಕೆ ಹಸಿರಾಗಿದ್ದರೆ ಸಾಕೇ?

ನಮ್ಮ ಸರ್ವರ್‌ಗಳ ಕಾನ್ಫಿಗರೇಷನ್ (ಸೆಟ್ಟಿಂಗ್‌ಗಳು) ನೋಡಿಕೊಳ್ಳುವ ತಂತ್ರಾಂಶ ನನ್ನ ನೆಮ್ಮದಿ ಕೆಡಿಸಿದೆ. ಪ್ರತಿ ಯಂತ್ರಕ್ಕೂ ಒಂದು ಬಣ್ಣದ ಚುಕ್ಕೆ, ಅಷ್ಟೇ. ನಿಯಮದಂತಿದ್ದರೆ ಹಸಿರು, ಇಲ್ಲದಿದ್ದರೆ ಕೆಂಪು ಅಥವಾ ಹಳದಿ. ಕಳೆದ ವಾರ ಹಸಿರಾಗಿದ್ದ ಒಂದು ಸರ್ವರ್‌ನ ಒಳಹೊಕ್ಕು ನೋಡಿದರೆ, ಅದರ ಏಜೆಂಟ್ (ಯಂತ್ರದೊಳಗಿದ್ದು ಅದರ ಸ್ಥಿತಿ ತಿಳಿಸುವ ಪುಟ್ಟ ತಂತ್ರಾಂಶ) ಒಂಬತ್ತು ದಿನಗಳಿಂದ ವರದಿಯನ್ನೇ ಕಳುಹಿಸಿರಲಿಲ್ಲ! ಹಳಸಿದ ಹಸಿರನ್ನು ನಂಬಿ ನಾವು ಕುಳಿತಿದ್ದೆವು. ‘ಸ್ಥಿತಿ ತಿಳಿದಿಲ್ಲ’ ಎನ್ನುವುದಕ್ಕೆ ಒಂದು ಬೂದು ಬಣ್ಣ ಕೊಡಲು ಏನು ಕಷ್ಟ?

ಇನ್ನು ಹಳದಿ. ತಪ್ಪನ್ನು ತಂತ್ರಾಂಶವೇ ಸರಿಪಡಿಸಿದರೂ ಹಳದಿ, ಬರಿಯ ಪರಿಶೀಲನೆ ನಡೆಸಿ ವ್ಯತ್ಯಾಸವನ್ನು ಮುಟ್ಟದೆ ಬಿಟ್ಟರೂ ಹಳದಿ. ಒಂದು ಮುಗಿದ ಕೆಲಸ, ಇನ್ನೊಂದು ಬಾಕಿ ಕೆಲಸ.

ನನಗೆ ಹೆಚ್ಚು ಸಿಟ್ಟು ಬರುವುದು ಬೇರೆ ಕಾರಣಕ್ಕೆ. ಪಕ್ಕದ ಮೇಜಿನ ಸಹೋದ್ಯೋಗಿಗೆ ಕೆಂಪು, ಹಸಿರು ಬೇರೆಬೇರೆಯಾಗಿ ಕಾಣುವುದಿಲ್ಲ. ರಾತ್ರಿ ಪಾಳಿಯಲ್ಲಿ ಅವರು ಒಂದೊಂದು ಚುಕ್ಕೆಯನ್ನೂ ಒತ್ತಿ ಒಳಗೆ ಓದಬೇಕು. ಬಣ್ಣವೊಂದರಿಂದಲೇ ಮಾಹಿತಿ ತಿಳಿಸಬಾರದೆಂದು ವೆಬ್ ಪುಟಗಳು ಅಂಗವಿಕಲರಿಗೂ ಬಳಸಲು ಬರುವಂತಿರಲು ರೂಪಿಸಿದ ಡಬ್ಲ್ಯುಸಿಎಜಿ 2.0 ಮಾರ್ಗಸೂಚಿ 2008ರಲ್ಲೇ ಹೇಳಿದೆ. ಇದೇ ಬಗೆಯ ಇನ್ನೊಂದು ತಂತ್ರಾಂಶವಾದ ಆನ್ಸಿಬಲ್ ಕೂಡ ಟರ್ಮಿನಲ್‌ನಲ್ಲಿ ಬಣ್ಣದ ಜೊತೆಗೆ ‘ಓಕೆ’, ‘ಚೇಂಜ್ಡ್’, ‘ಫೇಲ್ಡ್’ ಎಂಬ ಪದಗಳನ್ನೂ ಎಣಿಕೆಯನ್ನೂ ತೋರಿಸುತ್ತದೆ. ಚುಕ್ಕೆಯ ಪಕ್ಕದಲ್ಲಿ ಒಂದು ಪದ, ಕೊನೆಯ ವರದಿ ಬಂದ ಸಮಯ, ಇಷ್ಟು ಸೇರಿಸಿ ಎಂದು ತಯಾರಕರಿಗೆ ಮೂರು ಬಾರಿ ಬರೆದೆ. ಬಣ್ಣಗಳನ್ನು ಗಾಢವಾಗಿಸಿದ್ದೇವೆ ಎಂಬ ಉತ್ತರ ಬಂತು. ನಾಲ್ಕನೆಯ ಪತ್ರವನ್ನು ಇಂದು ಸಂಜೆ ಕಳುಹಿಸುತ್ತೇನೆ.