ಕಾಲು ಮಾತ್ರೆಯ ಗಂಡಸುತನ

ನನ್ನ ಗೆಳೆಯನೊಬ್ಬ ಮಗಳ ಶಾಲಾ ನಾಟಕ ನೋಡುತ್ತಾ ಕಣ್ಣು ಒರೆಸಿಕೊಂಡ. ಅಪ್ಪನಾದವನಿಗೆ ಕಣ್ಣು ತುಂಬಿ ಬರುವುದು ಸಹಜ ಎಂದು ನಾನು ಸುಮ್ಮನಿದ್ದೆ. ಅವನು ಮಾತ್ರ ಮರುದಿನ ಬೆಳಗಾಗುತ್ತಲೇ ರಕ್ತಪರೀಕ್ಷೆಗೆ ತೋಳು ಚಾಚಿ ಕುಳಿತಿದ್ದ. ‘ಹೆಣ್ಣಿನ ಹಾರ್ಮೋನು ಈಸ್ಟ್ರೋಜನ್ ಏರಿದೆ ಕಣಯ್ಯಾ, ಇಲ್ಲದಿದ್ದರೆ ನಾನು ಅಳುವವನೇ?’

ವರದಿ ಬಂತು. ಈಸ್ಟ್ರೋಜನ್ನಿನ ಮುಖ್ಯ ರೂಪವಾದ ಎಸ್ಟ್ರಾಡಿಯೋಲ್ 46, ಪಕ್ಕದಲ್ಲಿ ಮೇಲ್ಮುಖದ ಪುಟ್ಟ ಬಾಣ. ಆ ಬಾಣ ನೇರ ಅವನ ಎದೆಗೇ ನಾಟಿತು.

ಅವನು ಗಂಡು ಹಾರ್ಮೋನಾದ ಟೆಸ್ಟೊಸ್ಟೆರಾನ್ ಚುಚ್ಚುಮದ್ದು ಶುರು ಮಾಡಿ ಎಂಟು ತಿಂಗಳಾಗಿತ್ತು. ಕೊರತೆ ನಿಜವಾಗಿಯೂ ಇತ್ತು, ವೈದ್ಯರೇ ಬರೆದುಕೊಟ್ಟಿದ್ದರು. ಅದರಲ್ಲಿ ನನ್ನ ತಕರಾರಿಲ್ಲ. ಆದರೆ ದೇಹ ಹಾಗೆ ಬಂದ ಸರಕನ್ನೆಲ್ಲ ಇದ್ದಂತೆಯೇ ಇಟ್ಟುಕೊಳ್ಳುವುದಿಲ್ಲ. ಒಂದಿಷ್ಟನ್ನು ಅರೊಮಟೇಸ್ ಎಂಬ ಕಿಣ್ವದ ಕೈಗೆ ಕೊಟ್ಟು ಈಸ್ಟ್ರೋಜನ್ ಮಾಡಿಸಿಕೊಳ್ಳುತ್ತದೆ. ಈ ಕಿಣ್ವದ ದೊಡ್ಡ ಕಾರ್ಖಾನೆ ಇರುವುದು ಕೊಬ್ಬಿನಲ್ಲಿ, ಅಂದರೆ ಗೆಳೆಯನ ಬೆಲ್ಟಿನ ಮೇಲೆ ಜೋತುಬಿದ್ದಿರುವ ಜಾಗದಲ್ಲಿ. ಅದನ್ನು ಕರಗಿಸುವ ಮಾತೆತ್ತಿದರೆ ಅವನಿಗೆ ಪುರುಸೊತ್ತಿಲ್ಲ. ಮಾತ್ರೆ ನುಂಗಲು ಪುರುಸೊತ್ತಿದೆ.

ಯಾವ ಮಾತ್ರೆ? ಅನಾಸ್ಟ್ರೋಜೋಲ್. ಆ ಕಿಣ್ವದ ಕೈ ಕಟ್ಟಿಹಾಕುವ, ಮುಟ್ಟು ನಿಂತ ಹೆಂಗಸರ ಸ್ತನ ಕ್ಯಾನ್ಸರ್ ಚಿಕಿತ್ಸೆಗೆಂದು ಬಂದ ಔಷಧ. ಹೆಣ್ಣಿನ ಹಾರ್ಮೋನು ಮೈಯಲ್ಲಿರಬಾರದು ಎಂದು ಹೆಂಗಸರ ಮಾತ್ರೆಯನ್ನು ಕದ್ದು ನುಂಗುವ ಈ ಶೌರ್ಯಕ್ಕೆ ಯಾವ ಬಿರುದು ಕೊಡೋಣ? ಇಡೀ ಮಾತ್ರೆಯಿರುವುದೇ 1 ಮಿಲಿಗ್ರಾಂ. ಜಿಮ್ಮಿನ ಪಂಡಿತರು ಅದರಲ್ಲಿ ಕಾಲು ಭಾಗ ಸಾಕು ಎಂದರಂತೆ. ವೈದ್ಯರನ್ನು ಕೇಳಿದೆಯಾ ಎಂದೆ. ‘ಅವರಿಗೆ ಇದೆಲ್ಲ ಗೊತ್ತಿರುವುದಿಲ್ಲ’ ಎಂದ. ಊಟದ ಮೇಜಿನ ಮೇಲೆ ಕನ್ನಡಕ ಏರಿಸಿ, ಉಸಿರು ಬಿಗಿಹಿಡಿದು, ಬ್ಲೇಡಿನಿಂದ ಅದನ್ನು ಸೀಳುತ್ತಿದ್ದ. ಟಕ್ ಎಂದಿತು, ಗಂಡಸುತನದ ಮುಕ್ಕಾಲು ಪಾಲು ಹಾರಿ ಫ್ರಿಜ್ಜಿನಡಿ ಸೇರಿತು. ಪೊರಕೆ ತಂದವಳು ಹೆಂಡತಿ.

ಅಂದಹಾಗೆ, ಅರವತ್ತು ದಾಟಿದ ಗಂಡಸಿನ ರಕ್ತದಲ್ಲಿ ಅದೇ ವಯಸ್ಸಿನ ಹೆಂಗಸಿನ ರಕ್ತಕ್ಕಿಂತ ಸಾಮಾನ್ಯವಾಗಿ ಎಸ್ಟ್ರಾಡಿಯೋಲ್ ಹೆಚ್ಚೇ ಇರುತ್ತದೆ. ಗೆಳೆಯನ ತರ್ಕವನ್ನೇ ಹಿಡಿದರೆ ಎಷ್ಟೋ ಮನೆಗಳಲ್ಲಿ ಯಜಮಾನಿಕೆಯನ್ನು ಅಜ್ಜಿಗೆ ಬರೆದುಕೊಡಬೇಕಾಗುತ್ತದೆ.

ಆ 46 ಎಂಬ ಅಂಕಿಯಾದರೂ ಎಷ್ಟು ನಿಜ? ಸಾಮಾನ್ಯ ಪ್ರಯೋಗಾಲಯಗಳ ಪರೀಕ್ಷೆ ರೂಪುಗೊಂಡಿದ್ದು ಹೆಂಗಸರಲ್ಲಿರುವ ದೊಡ್ಡ ಪ್ರಮಾಣಗಳಿಗೆ. ಗಂಡಸಿನಲ್ಲಿರುವ ಚೂರುಪಾರನ್ನು ಅದರಲ್ಲಿ ಅಳೆಯುವುದೆಂದರೆ ಮೂಟೆ ತೂಗುವ ತಕ್ಕಡಿಯಲ್ಲಿ ಮೂಗುತಿ ತೂಗಿದಂತೆ. ಅಣುಗಳ ತೂಕ ಹಿಡಿದು ಗುರುತಿಸುವ ಮಾಸ್ ಸ್ಪೆಕ್ಟ್ರೋಮೆಟ್ರಿಯಲ್ಲಿ ಅಳೆದರೆ ಲೆಕ್ಕ ಇನ್ನೂ ನಿಖರ. ಅದೇ ವರದಿಯಲ್ಲಿ ಎರಡು ಸಾಲು ಮೇಲೆ ಹೆಮಟೊಕ್ರಿಟ್, ಅಂದರೆ ರಕ್ತದಲ್ಲಿ ಕೆಂಪುಕಣಗಳ ಪಾಲು, ಇತ್ತು. ಅದು ಶೇ. 54 ದಾಟಿದರೆ ಚುಚ್ಚುಮದ್ದನ್ನೇ ತಡೆಹಿಡಿಯಬೇಕಾಗುತ್ತದೆ. ಆ ಸಾಲನ್ನು ಅವನು ಓದಿಯೇ ಇರಲಿಲ್ಲ. ರಕ್ತ ಮಂದವಾದರೆ ಗಂಡಸುತನಕ್ಕೆ ಕುಂದಿಲ್ಲವಲ್ಲ!

ಎದೆ ಊದಿಕೊಂಡು ನೋಯುವವರು ಇದ್ದಾರೆ, ಅದು ತಮಾಷೆಯಲ್ಲ. ಅಂಥವರಿಗೆ ವೈದ್ಯರು ಡೋಸ್ ಇಳಿಸುತ್ತಾರೆ, ಚುಚ್ಚುಮದ್ದಿನ ಅಂತರ ಬದಲಿಸುತ್ತಾರೆ. ಇವನ ಎದೆ ನೆಟ್ಟಗಿತ್ತು, ನೆಟ್ಟಗಿಲ್ಲದ್ದು ಬಾಣ ಒಂದೇ. ನೆಗಡಿಯಾಗುವ ಮುನ್ನವೇ ಮೂಗು ಕೊಯ್ದುಕೊಂಡ.

ಎರಡು ತಿಂಗಳಲ್ಲಿ ಅಂಕಿ ನೆಲ ಕಚ್ಚಿತು. ಗೆಳೆಯ ಹಬ್ಬ ಮಾಡಬೇಕಿತ್ತು, ಆದರೆ ಕುರ್ಚಿಯಿಂದ ಏಳುವಾಗ ಮಂಡಿ ಹಳೆಯ ಬಾಗಿಲಿನಂತೆ ಕಿರುಗುಟ್ಟುತ್ತಿತ್ತು. ಯಾವ ಆಸೆ ಚಿಗುರಲೆಂದು ಚುಚ್ಚುಮದ್ದು ಶುರು ಮಾಡಿದ್ದನೋ ಆ ಆಸೆಯೂ ಬಾಡಿತ್ತು. ಗಂಡಸಿನ ಮೂಳೆಗೂ ಆಸೆಗೂ ಈಸ್ಟ್ರೋಜನ್ ಬೇಕು ಎಂಬುದೇನೂ ಹೊಸ ಸಂಗತಿಯಲ್ಲ. 1994ರಲ್ಲಿ ವೈದ್ಯರು 28 ವರ್ಷದ ಒಬ್ಬನ ಪ್ರಕರಣ ವರದಿ ಮಾಡಿದ್ದರು. ಟೆಸ್ಟೊಸ್ಟೆರಾನ್ ಸಾಕಷ್ಟಿತ್ತು, ಅವನ ದೇಹಕ್ಕೆ ಈಸ್ಟ್ರೋಜನ್ನಿನ ಮಾತು ಮಾತ್ರ ಕೇಳಿಸುತ್ತಿರಲಿಲ್ಲ. 204 ಸೆಂಟಿಮೀಟರ್ ಎತ್ತರವಾಗಿದ್ದರೂ ಮೂಳೆ ಬೆಳೆಯುತ್ತಲೇ ಇತ್ತು, ಒಳಗೆ ಸವೆದು ಟೊಳ್ಳಾಗುತ್ತಿತ್ತು. 2013ರ ಒಂದು ಅಧ್ಯಯನದಲ್ಲಿ ಟೆಸ್ಟೊಸ್ಟೆರಾನ್ ಕೊಟ್ಟು ಈಸ್ಟ್ರೋಜನ್ ತಡೆದಾಗ ಗಂಡಸರ ಕೊಬ್ಬು ಏರಿತು, ಕಾಮಾಸಕ್ತಿ ಇಳಿಯಿತು. ತಪ್ಪೆಲ್ಲ ಹೆಸರಿನದು ಎಂದು ನನ್ನ ಗುಮಾನಿ. ಅದಕ್ಕೆ ‘ಹೆಣ್ಣಿನ ಹಾರ್ಮೋನು’ ಎನ್ನುವ ಬದಲು ‘ವಜ್ರಾಸ್ಥಿ’ ಎಂದಿದ್ದರೆ ಇವರೇ ಸಾಲುಗಟ್ಟಿ ನಿಂತು ಕೊಳ್ಳುತ್ತಿದ್ದರು.

ಗೆಳೆಯನ ಕಪಾಟಿನಲ್ಲಿ ಶಕ್ತಿವರ್ಧಕ ಪುಡಿಯ ಡಬ್ಬಿಯೊಂದಿದೆ. ಮೇಲೆ ಮುಂಗಾಲೆತ್ತಿ ಕೆನೆಯುವ ಗಂಡು ಕುದುರೆ. 1934ರಲ್ಲಿ ಬರ್ನ್‌ಹಾರ್ಡ್ ಝೊಂಡೆಕ್ ಎಂಬ ವಿಜ್ಞಾನಿ ಗಂಡು ಕುದುರೆಯ ಮೂತ್ರ ಪರೀಕ್ಷಿಸಿ, ಅದರಲ್ಲಿ ರಾಶಿರಾಶಿ ಈಸ್ಟ್ರೋಜನ್ ಇರುವುದನ್ನು ಕಂಡು ದಂಗಾಗಿದ್ದ. ಇದನ್ನು ನಾನು ಹೇಳಿದಾಗ ಗೆಳೆಯ ಬಹಳ ಹೊತ್ತು ಆ ಡಬ್ಬಿಯನ್ನೇ ನೋಡುತ್ತಾ ಕುಳಿತ. ಮರುದಿನ ಹೋದರೆ ಕುದುರೆಯನ್ನು ಉಗುರಿನಿಂದ ಕೆರೆದು ತೆಗೆದಿದ್ದ.