ಬಸಳೆಗಿರುವ ಕಾನೂನು ಮಂಜೇಶ್ವರಕ್ಕಿಲ್ಲ

ಶಾಲೆಯ ಮರಗಳಿಗೆ ಹೆಸರಿನ ತಗಡು ಹೊಡೆದ ಫೋಟೋ ನೀವೂ ನೋಡಿರುತ್ತೀರಿ. ವಾಟ್ಸಾಪಿನಲ್ಲಿ ಸಾಕಷ್ಟು ಓಡಾಡಿತು. ನಮ್ಮ ಗಡಿ ಕಡೆಯ, ಅಂದರೆ ಕೇರಳದ ಕಾಸರಗೋಡು ಜಿಲ್ಲೆಯ, ಒಂದು ಕನ್ನಡ ಶಾಲೆ. ಅಂಗಳದ ಹಲಸು, ಮಾವು, ನೆಲ್ಲಿ ಎಲ್ಲಕ್ಕೂ ಒಂದೊಂದು ತಗಡು. ಮೇಲೆ ಮಲಯಾಳದಲ್ಲಿ ಹೆಸರು, ಕೆಳಗೆ ಇಂಗ್ಲಿಷ್, ಅದರ ಕೆಳಗೆ ಓರೆ ಅಕ್ಷರದಲ್ಲಿ ಸಸ್ಯಶಾಸ್ತ್ರದ ಲ್ಯಾಟಿನ್ ಹೆಸರು, ಮೂಲೆಯಲ್ಲಿ ಕ್ಯೂಆರ್ ಕೋಡ್. ಕನ್ನಡ ಎಲ್ಲಿ ಎಂದು ಕೇಳಿದ್ದಕ್ಕೆ ಜಾಗ ಸಾಕಾಗಲಿಲ್ಲ ಎಂದರಂತೆ. ತಗಡಿನ ಖರ್ಚು ಕೊಟ್ಟವರ ಹೆಸರಿಗೆ ಮಾತ್ರ ಧಾರಾಳ ಜಾಗ ಸಿಕ್ಕಿದೆ. ಅದನ್ನು ಮರಕ್ಕೆ ಕೂರಿಸಿದ್ದು ದಪ್ಪ ಮೊಳೆ ಹೊಡೆದು. ಪರಿಸರ ದಿನದಂದು.

ನನಗೇನೂ ಬೇಸರವಿಲ್ಲ. ಹಳೇ ರೋಮಿನಿಂದ ಯಾರಾದರೂ ಮಗುವನ್ನು ಒಂದನೇ ಕ್ಲಾಸಿಗೆ ಸೇರಿಸಲು ಬಂದರೆ ಅವರಿಗೆ ಹಲಸಿನ ಮರ ಯಾವುದೆಂದು ಗೊತ್ತಾಗಬೇಡವೇ? ಆರ್ಟೊಕಾರ್ಪಸ್ ಹೆಟೆರೊಫಿಲ್ಲಸ್. ನಮ್ಮ ನಾಲ್ಕನೇ ಕ್ಲಾಸಿನ ಹುಡುಗ ಇದನ್ನು ಓದಲು ಹೋದರೆ ತುಟಿಗೆ ಹಲಸಿನ ಮೇಣ ಮೆತ್ತಿದ ಹಾಗಾಗುತ್ತದೆ. ಅವನಿಗೆ ಗೊತ್ತಿರುವ ಹೆಸರು ಬೇರೆ. ಅದು ತಗಡಿನಲ್ಲಿಲ್ಲ.

ಜಾಗ ಸಾಲದು ಎಂಬ ಉತ್ತರ ಮಾತ್ರ ನನಗೆ ತುಂಬಾ ಹಿಡಿಸಿತು. 17ನೇ ಶತಮಾನದಲ್ಲಿ ಕೊಚ್ಚಿಯ ಡಚ್ ಗವರ್ನರ್ ವಾನ್ ರೀಡ್ ಮಲಬಾರಿನ ಗಿಡಮರಗಳ ಪುಸ್ತಕ ಮಾಡಿಸಿದ. ಹೋರ್ಟಸ್ ಮಲಬಾರಿಕಸ್. 12 ಸಂಪುಟ, 1678ರಿಂದ 1693ರವರೆಗೆ ಆಮ್‌ಸ್ಟರ್‌ಡ್ಯಾಮಿನಲ್ಲಿ ಅಚ್ಚಾಯಿತು. ಗಿಡಗಳ ಗುಣ ಹೇಳಿಕೊಟ್ಟವರು ಇಟ್ಟಿ ಅಚ್ಯುದನ್ ಎಂಬ ವೈದ್ಯರು, ಜೊತೆಗೆ ರಂಗ ಭಟ್, ವಿನಾಯಕ ಪಂಡಿತ್, ಅಪ್ಪು ಭಟ್ ಎಂಬ ಮೂವರು ಕೊಂಕಣಿಗರು. ಚಿತ್ರ ಕೊರೆದದ್ದು ತಾಮ್ರದ ತಗಡಿನ ಮೇಲೆ. ಅದರಲ್ಲಿ ಗಿಡದ ಹೆಸರು ರೋಮನ್, ಮಲಯಾಳ, ಅರಬ್ಬಿ, ನಾಗರಿ ನಾಲ್ಕು ಲಿಪಿಯಲ್ಲಿದೆ. ಕಾಳುಮೆಣಸಿನ ವ್ಯಾಪಾರಕ್ಕೆ ಬಂದ ಕಂಪನಿಯವನು ನಾಲ್ಕು ಲಿಪಿಗೆ ಜಾಗ ಹುಡುಕಿದ. ನಮ್ಮವರಿಗೆ ಮೂರು ಸಾಲಿಗೇ ತಗಡು ಮುಗಿಯಿತು.

ಆ ಪುಸ್ತಕದಲ್ಲಿದ್ದ 'ಬಸೆಲ್ಲ'ವನ್ನು ಸ್ವೀಡನ್ನಿನ ಸಸ್ಯವಿಜ್ಞಾನಿ ಲಿನ್ನೇಯಸ್ ಹಾಗೇ ಎತ್ತಿಕೊಂಡ. ಅದು ನಮ್ಮ ಬಸಳೆಯೇ, ಬಾವಿಕಟ್ಟೆಯ ಪಕ್ಕ ಚಪ್ಪರ ಹತ್ತುವ ಬಸಳೆ. 1753ರ ಅವನ ಪುಸ್ತಕದಲ್ಲಿ ಬಸೆಲ್ಲ ಆಲ್ಬ, ಬಸೆಲ್ಲ ರುಬ್ರ ಎರಡೂ ಇವೆ. ಗಿಡಗಳ ಹೆಸರಿನ ಲೆಕ್ಕ ಶುರುವಾಗುವುದೇ ಆ ಪುಸ್ತಕದಿಂದ. ಆಮೇಲಿನ ನಿಯಮ ಹೆಚ್ಚುಕಡಿಮೆ ಇಷ್ಟೇ: ಮೊದಲು ಸರಿಯಾಗಿ ಪ್ರಕಟವಾದ ಹೆಸರು ಯಾವುದೋ ಅದೇ ನಿಲ್ಲಬೇಕು. ಚೆನ್ನಾಗಿಲ್ಲ, ನಾಲಿಗೆ ಹೊರಳುವುದಿಲ್ಲ, ನಮ್ಮ ಭಾಷೆಯದ್ದಲ್ಲ ಎಂದು ಬದಲಿಸುವ ಹಾಗಿಲ್ಲ. ಚಿಂಚೋನ್ ಎಂಬ ಊರಿನ ದೊರೆಸಾನಿಯ ಹೆಸರನ್ನು ಕ್ವಿನೈನ್ ಮರಕ್ಕಿಡಲು ಹೋಗಿ ಲಿನ್ನೇಯಸ್ ಒಂದು ಅಕ್ಷರ ನುಂಗಿದ. ಸಿಂಕೋನ ಇವತ್ತಿಗೂ ಸಿಂಕೋನವೇ.

ಒಂದು ಅಕ್ಷರದ ಬೆಲೆ ನೋಡಿ. 2024ರ ಜುಲೈಯಲ್ಲಿ ಮ್ಯಾಡ್ರಿಡ್‌ನಲ್ಲಿ ಜಗತ್ತಿನ ಸಸ್ಯಶಾಸ್ತ್ರಜ್ಞರು ಸೇರಿದ್ದರು. ಗಿಡಗಳ ಹೆಸರಿನಲ್ಲಿರುವ 'ಕಾಫ್ರ' ಎಂಬ ಪದ ಆಫ್ರಿಕದ ಕರಿಯ ಜನರಿಗೆ ಬೈಗುಳ, ಅದನ್ನು 'ಆಫ್ರ' ಮಾಡಬೇಕು ಎಂದು ಬೇಡಿಕೆ. ನ್ಯಾಯವಾದದ್ದೇ. ಇನ್ನೂರಕ್ಕೂ ಹೆಚ್ಚು ಹೆಸರುಗಳು. ತೆಗೆಯಬೇಕಾದದ್ದು ಒಂದು 'ಸಿ'. ಅದಕ್ಕೆ ಗುಪ್ತ ಮತದಾನ ಆಯಿತು, 351ಕ್ಕೆ 205.

ನಮ್ಮ ಜಿಲ್ಲೆಯ ಮಂಜೇಶ್ವರದ ಬೋರ್ಡಿಗೆ ಒಂದು ಸೊನ್ನೆ ಸೇರಿಸಿ ಮಲಯಾಳದ ಮಂಜೇಶ್ವರಂ ಮಾಡಲು ಏನು ಬೇಕು? ಒಬ್ಬ ಪೈಂಟರ್, ಒಂದು ಏಣಿ. ಮಧ್ಯಾಹ್ನದ ಊಟದೊಳಗೆ ಕೆಲಸ ಮುಗಿಯುತ್ತದೆ. ಕುಂಬಳೆ ಕುಂಬ್ಳ ಆಯಿತು, ಬೇಡಡ್ಕ ಬೇಡಗಂ ಆಯಿತು. 2021ರಲ್ಲಿ ಇದಕ್ಕೆ ಗಲಾಟೆ ಎದ್ದಾಗ ಹೆಸರು ಬದಲಿಸುವ ಯಾವ ಪ್ರಸ್ತಾವವೂ ಇಲ್ಲ ಎಂದು ಕೇರಳ ಸರ್ಕಾರದವರು ಹೇಳಿದರು. ನಿಜವೇ. ಪ್ರಸ್ತಾವ ಇದ್ದಿದ್ದರೆ ವಿರೋಧಿಸಬಹುದಿತ್ತು.

ಸಸ್ಯಶಾಸ್ತ್ರದವರೇನು ಸಾಚಾಗಳಲ್ಲ, ಬಿಡಿ. ಅಕೇಶಿಯಾ ಎಂಬುದು ಮೂಲದಲ್ಲಿ ಆಫ್ರಿಕ, ಏಷ್ಯಾದ ಮುಳ್ಳುಜಾಲಿಯ ಹೆಸರು. ಆ ದೊಡ್ಡ ಕುಟುಂಬ ಪಾಲಾಗುವಾಗ ಹೆಸರು ಯಾರಿಗೆ? ನಿಯಮದ ಪ್ರಕಾರ ಮೂಲದವರಿಗೆ. ಆದರೆ ಆಸ್ಟ್ರೇಲಿಯಾದಲ್ಲಿ ಒಂಬೈನೂರಕ್ಕೂ ಜಾಸ್ತಿ ಜಾತಿಗಳಿವೆ. 2005ರಲ್ಲಿ ವಿಯೆನ್ನಾದಲ್ಲಿ ನಡೆದ ಸಸ್ಯಶಾಸ್ತ್ರಜ್ಞರ ಸಭೆಯಲ್ಲಿ ಹೆಸರು ಆಸ್ಟ್ರೇಲಿಯಾದವರ ಪಾಲಾಯಿತು. ಮತದಾನದಲ್ಲಿ ಬೇಡ ಎಂದವರೇ ಹೆಚ್ಚು, ಸುಮಾರು ಶೇ. 55. ಆದರೆ ಸಮಿತಿ ಒಪ್ಪಿದ್ದನ್ನು ತಳ್ಳಿಹಾಕಲು ಶೇ. 60 ಬೇಕಂತೆ! 2011ರಲ್ಲಿ ಅದನ್ನೇ ಇನ್ನೊಮ್ಮೆ ಗಟ್ಟಿ ಮಾಡಿದರು. ಸಭೆ ಎಲ್ಲಿ? ಮೆಲ್ಬರ್ನ್‌ನಲ್ಲಿ. ಈಗ ನಮ್ಮ ಕರಿಜಾಲಿ ವಾಚೆಲಿಯ, ಕಾಚಿನ ಮರ ಸೆನೆಗಾಲಿಯ. ನಮ್ಮ ಗುಡ್ಡೆಗಳಲ್ಲಿ ಸಾಲಾಗಿ ನೆಟ್ಟ ಆಸ್ಟ್ರೇಲಿಯಾದ ಮರ ಮಾತ್ರ ಅಸಲಿ ಅಕೇಶಿಯಾ. ತಲೆ ಎಣಿಸಿ ಹೆಸರು ಹಂಚುವ ಈ ವಿದ್ಯೆ ವಿಯೆನ್ನಾಕ್ಕೆ ನಮ್ಮ ಜಿಲ್ಲೆಯಿಂದಲೇ ಹೋಗಿರಬೇಕು.

ಗುಡ್ಡೆ ಎಂದಾಗ ಕಮ್ಯುನಿಸ್ಟ್ ಗಿಡ ನೆನಪಾಯಿತು. ಮಲಯಾಳದಲ್ಲಿ ಕಮ್ಯುನಿಸ್ಟ್ ಪಚ್ಚ, ನಮ್ಮಲ್ಲಿ ಕಮ್ಯುನಿಸ್ಟ್ ಗಿಡ. ಎರಡೂ ಭಾಷೆಯವರು ಜಗಳವಿಲ್ಲದೆ ಒಪ್ಪಿದ ಹೆಸರು ಬಹುಶಃ ಇದೊಂದೇ. ಯುಪಟೋರಿಯಂ ಒಡೊರಾಟಂ ಆಗಿದ್ದದ್ದು 1970ರಲ್ಲಿ ಕ್ರೊಮೊಲೀನ ಒಡೊರಾಟ ಆಯಿತು. ಗಿಡ ಕುಲ ಬದಲಿಸಿದರೂ ಬಾಲದ ಹೆಸರು ಉಳಿಯುತ್ತದೆ. ಮೊದಲು ಹೆಸರಿಟ್ಟವನನ್ನು ಕಂಸದೊಳಗೆ ಮರ್ಯಾದೆಯಿಂದ ಕೂರಿಸುತ್ತಾರೆ. ಪಕ್ಷಾಂತರದಲ್ಲಿ ಇಷ್ಟು ಸಭ್ಯತೆ ಯಾವ ವಿಧಾನಸಭೆಯಲ್ಲೂ ಕಂಡದ್ದಿಲ್ಲ.

ಆ ತಗಡಿನ ಶಾಲೆಗೆ ಬರೋಣ. ಮರದ ಹೆಸರು ಹೋಗಲಿ. ಕನ್ನಡ ಮಾಧ್ಯಮದ ಕ್ಲಾಸಿಗೆ ಕನ್ನಡ ಬಾರದ ಮಾಸ್ಟ್ರನ್ನು ಕಳಿಸುತ್ತಾರಲ್ಲ, ಅದಕ್ಕೆ ಏನು ಹೇಳುವುದು? ಪ್ರತೀ ಸಲವೂ ಅದೇ ಕಥೆ. ಪೋಷಕರು ಕೆಲಸ ಬಿಟ್ಟು ಗೇಟಿನ ಎದುರು ಕೂರುತ್ತಾರೆ. ಮಾಸ್ಟ್ರು ರಜೆ ಹಾಕುತ್ತಾರೆ. ಅವರ ತಪ್ಪೇನಿದೆ ಪಾಪ, ಆದೇಶ ಬಂದಿದೆ, ಬಂದಿದ್ದಾರೆ. ಮನವಿ, ಕೋರ್ಟು, ಮಾತುಕತೆ. ಅಷ್ಟರಲ್ಲಿ ಪರೀಕ್ಷೆ ಬರುತ್ತದೆ. ಪಾಠ ಆಗಿರುವುದಿಲ್ಲ. ಅಲ್ಪಸಂಖ್ಯಾತ ಭಾಷೆಯ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ತಾಯಿನುಡಿಯಲ್ಲಿ ಕಲಿಸುವ ಸೌಲಭ್ಯ ಒದಗಿಸಲು ಯತ್ನಿಸಬೇಕು ಎಂದು ಸಂವಿಧಾನದ 350ಎ ವಿಧಿ ಹೇಳುತ್ತದೆ. ಅದು ಸೇರಿದ್ದು 1956ರಲ್ಲಿ, ನಾವು ಕೇರಳಕ್ಕೆ ಸೇರಿದ ವರ್ಷವೇ. ಅವತ್ತು ಒಂದನೇ ಕ್ಲಾಸಿಗೆ ಹೋದವರ ಮೊಮ್ಮಕ್ಕಳು ಈಗ ಅದೇ ಬೆಂಚಿನಲ್ಲಿ ಕೂತಿದ್ದಾರೆ. ಇದರಲ್ಲಿ ತಮಾಷೆ ಹುಡುಕಿ ನನಗೂ ಸುಸ್ತಾಗಿದೆ.

ನಮ್ಮ ಅಡಕೆ ಕೃಷಿಕ ಗೆಳೆಯರೊಬ್ಬರು ಬೇರೆಯೇ ಉಪಾಯ ತಂದರು. ಪೀಟರ್ಸ್‌ಬರ್ಗಿನ ಸೀಗೆಸ್‌ಬೆಕ್ ಎಂಬ ಪಂಡಿತ, ಹೂವಿನ ಗಂಡು-ಹೆಣ್ಣು ಭಾಗ ಎಣಿಸುವ ಲಿನ್ನೇಯಸ್‌ನ ಪದ್ಧತಿಯನ್ನು ಅಸಹ್ಯ ಎಂದು ಬೈದಿದ್ದ. ಮೈಗೆಲ್ಲ ಅಂಟುವ ಒಂದು ಕಳೆಗೆ ಸೀಗೆಸ್‌ಬೆಕಿಯ ಎಂದು ಹೆಸರು ಬಂದದ್ದು ಆ ಸಿಟ್ಟಿಗೇ ಎಂದು ಕಥೆ. "ತಗಡು ಬರೆಸಿದವರಿಗೂ ಇಂಥದ್ದೊಂದು ಹುಡುಕುವ ಮಾರಾಯ್ರೇ, ತೋಟದಲ್ಲಿ ಕಳೆಗೆ ಏನು ಬರವಾ?" ಎಂದರು. ನಿಯಮ ವಿವರಿಸಿದೆ. ಹೊಸ ಹೆಸರಿಡಬೇಕಾದರೆ ಮಾದರಿಯನ್ನು ಒತ್ತಿ, ಒಣಗಿಸಿ, ಹಾಳೆಗೆ ಅಂಟಿಸಿ ಹರ್ಬೇರಿಯಂ ಎಂಬ ಒಣಗಿಡಗಳ ಸಂಗ್ರಹದಲ್ಲಿ ಇಡಬೇಕು. ಗೆಳೆಯರ ಮುಖ ಅರಳಿತು. ಒಣಗಿಸಬೇಕಾದ್ದು ಗಿಡವನ್ನು, ಅಧಿಕಾರಿಯನ್ನಲ್ಲ ಎಂದ ಮೇಲೆ ಸಪ್ಪಗಾದರು. ಅದೂ ಅಲ್ಲದೆ, ಗಿಡಕ್ಕೆ ಇಟ್ಟ ಹೆಸರು ಇನ್ನೂರು ಮುನ್ನೂರು ವರ್ಷ ಅಲ್ಲಾಡುವುದಿಲ್ಲ. ಬರುವ ತಿಂಗಳು ವರ್ಗವಾಗಿ ಹೋಗುವವರಿಗೆ ಅಷ್ಟು ಖಾಯಂ ಹುದ್ದೆ ಯಾಕೆ, ಅಲ್ವಾ?