ಸಪೋರ್ಟಿಗೆ ಹಾಕ್ಯಾರ, ಏನ್ಮಾಡ್ಲಿ ಅಣ್ಣಾ?

ಹೋದ ತಿಂಗಳು ಒಂದು ಭಾನುವಾರ ವಾಕಡ್ ಸೇತುವೆ ಹತ್ತಿರದ ಅಮೃತತುಲ್ಯದಲ್ಲಿ ಚಹಾ ಕುಡೀತಾ ನಿಂತಿದ್ದೆ. ಜೊತೆಗೆ ನಮ್ಮ ಗದಗದ ಕಡೆಯ ಹುಡುಗ. ಹಿಂಜವಡಿಯಲ್ಲಿ ಕೆಲಸಕ್ಕೆ ಸೇರಿ ಎಂಟು ತಿಂಗಳು ಆಗಿರಬೇಕು, ಅದರಲ್ಲಿ ಅರ್ಧ ಬೆಂಚಿನ ಮೇಲೇ, ಅಂದರೆ ಪ್ರಾಜೆಕ್ಟ್ ಇಲ್ಲದೇ, ಕಳೆದಿದ್ದ.

"ಅಣ್ಣಾ, ಸಪೋರ್ಟಿಗೆ ಹಾಕ್ಯಾರ. ರಾಜೀನಾಮೆ ಕೊಡ್ಲೇನು?"

"ಯಾವ ಪ್ರಾಜೆಕ್ಟು?"

"ವೆಬ್‌ಲಾಜಿಕ್ ಅಂತ. ಎಲ್‌2. ರಾತ್ರಿ ಪಾಳಿನೂ ಐತಿ. ಮನ್ಯಾಗ ಇನ್ನೂ ಹೇಳಿಲ್ಲ."

ಎಲ್‌2 ಅಂದರೆ ಸಪೋರ್ಟಿನ ಎರಡನೇ ಹಂತ. ಮನೆಯಲ್ಲಿ ಹೇಳಿಲ್ಲ ಅಂದಿದ್ದು ಕೇಳಿ ಪಾಪ ಅನ್ನಿಸಿತು. ನಾನೂ ಹೇಳಿರಲಿಲ್ಲ. ಧಾರವಾಡಕ್ಕೆ ಹೆಣ್ಣು ನೋಡೋಕೆ ಹೋದಾಗ ಹುಡುಗಿಯ ಕಾಕಾ ನೇರ ಕೇಳಿದ್ದರು: "ಸಾಫ್ಟ್‌ವೇರ್ ಮಾಡ್ತಾನೋ, ಕೆಟ್ಟದ್ದನ್ನ ರಿಪೇರಿ ಮಾಡ್ತಾನೋ?" ನಮ್ಮಪ್ಪ ಒಂದು ಕ್ಷಣವೂ ತಡೆಯದೆ "ಎರಡೂ ಮಾಡ್ತಾನ್ರಿ" ಅಂದುಬಿಟ್ಟರು. ಅಪ್ಪ ಸುಳ್ಳು ಹೇಳಿದ್ದು ನಾನು ಕಣ್ಣಾರೆ ಕಂಡಿದ್ದು ಅದೊಂದೇ ಸಲ. (ಸಂಬಂಧ ಕುದುರಿತು. ಆ ಕಾಕಾ ಈಗ ಮೊಬೈಲ್ ಕೆಟ್ಟರೆ ನನಗೇ ಫೋನ್ ಮಾಡ್ತಾರೆ.)

ಪುಣೆಗೆ ಬಂದು ಹದಿನಾಲ್ಕು ವರ್ಷ ಆಯ್ತು. ಅಷ್ಟೂ ವರ್ಷ ಮಾಡಿದ್ದು ಅಪ್ಲಿಕೇಶನ್ ಸರ್ವರ್ ಸಪೋರ್ಟ್: ಬೇರೆಯವರು ಬರೆದ ಕೋಡು ವೆಬ್‌ಲಾಜಿಕ್‌ನಂಥ ಸರ್ವರುಗಳ ಮೇಲೆ ಓಡ್ತಾ ಇರೋ ಹಾಗೆ ನೋಡಿಕೊಳ್ಳೋದು. ಡೆವಲಪರ್ ಆಗೋಕೆ ಆಗದವನು ಸಪೋರ್ಟಿಗೆ ಬರ್ತಾನೆ ಅನ್ನೋ ಮಾತು ಕ್ಯಾಂಟೀನಿನಲ್ಲಿ ಎಷ್ಟು ಸಲ ಕೇಳಿದ್ದೀನೋ. ಆ ಮಾತು ಆಡೋರಿಗೆ ಈ ಕೆಲಸ ಏನು ಅಂತಲೇ ಗೊತ್ತಿಲ್ಲ.

ನಾನು ಹುಡುಗನಿಗೆ ಹೇಳಿದ್ದನ್ನೇ ಇಲ್ಲೂ ಬರೀತೀನಿ. ಪುಣೆಗೆ ಹೊಸದಾಗಿ ಬಂದಾಗ ನಮ್ಮವ್ವ ಒಂದು ವಾರ ನನ್ನ ರೂಮಿನಲ್ಲಿದ್ದಳು. ಮನೆ ಮಾಲೀಕರ ಹುಡುಗಿ ಬಾಗಿಲಿಗೆ ಬಂದು, "ಆಯಿ ಬಾಡಿಗೆ ಕೇಳ್ತಿದ್ದಾಳೆ" ಅನ್ನೋ ಅರ್ಥದಲ್ಲಿ ಮರಾಠಿಯಲ್ಲಿ ಏನೋ ಹೇಳಿದಳು. ಅವ್ವನಿಗೆ ಗಾಬರಿ. ನಮ್ಮಲ್ಲಿ ಆಯಿ ಅಂದರೆ ಅಜ್ಜಿ. "ಈ ಮನ್ಯಾಗ ಅಜ್ಜಿ ಎಲ್ಲಿ ಅದಾಳಲೇ, ನಾ ನೋಡೇ ಇಲ್ಲ" ಅಂದಳು. ಇಲ್ಲಿ ಆಯಿ ಅಂದರೆ ತಾಯಿ. ಇಲ್ಲಿ ಯಾರನ್ನಾದರೂ 'ತಾಯೀ' ಅಂತ ಕರೆದರೆ ಅವಳು ಅಕ್ಕ. ಹೆಸರು ಅದೇ, ಊರು ಬದಲಾದ ತಕ್ಷಣ ಆ ಹೆಸರಿಗೆ ಓ ಅನ್ನೋ ಮನುಷ್ಯ ಬದಲಾದ.

ಜಾವಾ ಕೋಡು ಹೆಸರು ಹಿಡಿದು ಬೇಕಾದ್ದನ್ನ ಹುಡುಕಿಕೊಳ್ಳೋ ವ್ಯವಸ್ಥೆ, ಜೆಎನ್‌ಡಿಐ, ಅನ್ನೋದೂ ಇಷ್ಟೇ. ಡೆವಲಪರ್ ತನ್ನ ಕೋಡಿನಲ್ಲಿ ಡೇಟಾಬೇಸ್ ವಿಳಾಸ, ಪಾಸ್‌ವರ್ಡ್ ಬರೆಯೋದಿಲ್ಲ. 'ಜೆಡಿಬಿಸಿ/ಆರ್ಡರ್‌ಡಿಎಸ್' ಅಂತ ಮನೆಮಂದಿ ಕರೆಯೋ ಹೆಸರಲ್ಲಿ ಕೂಗ್ತಾನೆ. ಆ ಹೆಸರಿನವರು ಈ ಊರಲ್ಲಿ ಯಾರು ಅಂತ ಗಂಟು ಹಾಕಿಕೊಡೋನು ಬೇರೆಯವನು. ಆ ಗಂಟು ಟಾಮ್‌ಕ್ಯಾಟ್ ಸರ್ವರಿನಲ್ಲಿ ಒಂದು ಫೈಲಿನಲ್ಲಿರುತ್ತೆ, ವೆಬ್‌ಲಾಜಿಕ್‌ನಲ್ಲಿ ಇನ್ನೊಂದರಲ್ಲಿ, ವೆಬ್‌ಸ್ಫಿಯರ್‌ನಲ್ಲಿ ಮತ್ತೊಂದರಲ್ಲಿ. ಹೊರಗಿನಿಂದ ಕೇಳಬೇಕಾದ ಬಾಗಿಲೂ (ಪೋರ್ಟ್ ನಂಬರ್) ಬೇರೆಬೇರೆ: ವೆಬ್‌ಲಾಜಿಕ್‌ಗೆ ಸಾಮಾನ್ಯವಾಗಿ 7001, ವೆಬ್‌ಸ್ಫಿಯರ್‌ಗೆ 2809, ಹಳೇ ಜೆಬಾಸ್‌ಗೆ 1099. 2009ರಲ್ಲಿ ಬಂದ ಜಾವಾ ಇಇ 6 (ಇಂಥ ಸರ್ವರುಗಳ ನಿಯಮಾವಳಿ) ಬೀನ್ ಅನ್ನೋ ಕೋಡಿನ ತುಂಡುಗಳಿಗೆ ಎಲ್ಲ ಕಡೆ ನಡೆಯೋ ಹೆಸರಿನ ಪದ್ಧತಿಯೊಂದನ್ನ ತಂದಿತು. ಆದರೆ ಬ್ಯಾಂಕು, ವಿಮೆ, ಕಾರ್ಖಾನೆಗಳಲ್ಲಿ ಓಡೋ ಕೋಡು ಅದಕ್ಕಿಂತ ಹಿರಿಯದು.

ಇದರಲ್ಲಿ ಮಜಾ ಏನಂದರೆ, ಜಾವಾ ಇಇ ನಿಯಮಾವಳಿ ಬರೆದವರೇ ಈ ಗಂಟು ಹಾಕುವವನಿಗೆ 'ಡಿಪ್ಲಾಯರ್' ಅಂತ ಹೆಸರು ಕೊಟ್ಟು, ಕೋಡ್ ಬರೆಯುವವನ ಪಕ್ಕದಲ್ಲೇ ಪ್ರತ್ಯೇಕ ಕುರ್ಚಿ ಹಾಕಿ ಕೂರಿಸಿದ್ದಾರೆ. ಎರಡೂ ಬೇರೆ ವಿದ್ಯೆ ಅಂತ ಅವರಿಗೆ ಗೊತ್ತಿತ್ತು. ನಮ್ಮ ಕಂಪನಿಗಳು ಆ ಕುರ್ಚಿಯನ್ನ ಮೆಟ್ಟಿಲ ಕೆಳಗೆ ಎಳೆದು, ಎಲ್‌2 ಅಂತ ಚೀಟಿ ಅಂಟಿಸಿ, ಅಪ್ರೈಸಲ್ಲಿನಲ್ಲಿ ಎಷ್ಟು ಟಿಕೆಟ್ ಮುಚ್ಚಿದೆ ಅಂತ ಮಾತ್ರ ಕೇಳ್ತವೆ.

2016ರ ಮಾರ್ಚ್ ಕೊನೆ. ಹಣಕಾಸು ವರ್ಷದ ಮುಕ್ತಾಯ, ಗಿರಾಕಿಯ ಕಡೆ ಎಲ್ಲರೂ ಬಿಲ್ ಹಾಕೋ ಗಡಿಬಿಡಿಯಲ್ಲಿದ್ದಾರೆ. ರಾತ್ರಿ ಎಂಟಕ್ಕೆ ಶುರುವಾಯ್ತು: ಒಬ್ಬನಿಗೆ ಪರದೆ ಬರುತ್ತೆ, ಪಕ್ಕದ ಟೇಬಲ್ಲಿನವನಿಗೆ ಬರಲ್ಲ. ಬ್ರಿಜ್ ಕಾಲ್‌ನಲ್ಲಿ ಇಪ್ಪತ್ತಕ್ಕೂ ಹೆಚ್ಚು ಜನ. ಡೇಟಾಬೇಸ್‌ನವರು ನಮ್ಮದು ಎದ್ದಿದೆ ಅಂದರು. ನೆಟ್‌ವರ್ಕ್‌ನವರು ಪಿಂಗ್ ಆಗ್ತಿದೆ ಅಂದರು. ಡೆವಲಪರ್ ಎಂದಿನಂತೆ "ನನ್ನ ಲ್ಯಾಪ್‌ಟಾಪಿನಲ್ಲಿ ಓಡ್ತಿದೆ" ಅಂದ. ಸರ್ವರ್ ಬರೆದಿಡೋ ಲಾಗಿನಲ್ಲಿ ಮಾತ್ರ ಒಂದೇ ಸಾಲು ಸಾವಿರ ಸಲ: ನೇಮ್ ನಾಟ್ ಫೌಂಡ್ ಎಕ್ಸೆಪ್ಶನ್, 'ಜೆಡಿಬಿಸಿ.ಆರ್ಡರ್‌ಡಿಎಸ್' ಸಿಗ್ತಿಲ್ಲ. ಓರೆ ಗೆರೆ ಇರಬೇಕಾದ ಕಡೆ ಚುಕ್ಕೆ ಇದೆ, ಯಾರೋ ತಪ್ಪು ಟೈಪ್ ಮಾಡಿದ್ದಾರೆ ಅಂತ ಒಬ್ಬ ಮ್ಯಾನೇಜರ್ ಒಂದು ಗಂಟೆ ಆ ಚುಕ್ಕೆ ಹಿಂದೆ ಓಡಿಸಿದ. ವೆಬ್‌ಲಾಜಿಕ್ ತನ್ನ ದೂರುಗಳಲ್ಲಿ ಗೆರೆಯನ್ನ ಚುಕ್ಕೆ ಮಾಡಿಯೇ ಬರೆಯುತ್ತೆ. ಅದು ಅದರ ಉಚ್ಚಾರ, ನಮ್ಮವರು 'ಹೋಗ್ಯಾನ' ಅಂದ ಹಾಗೆ.

ನಮ್ಮ ಪಾಳಿಯ ಹಿರಿಯಳು ಸೋಲಾಪುರದವಳು. ನಾವೆಲ್ಲ ತಾಯೀ ಅಂತಿದ್ದೆವು, ಅಂದರೆ ಅಕ್ಕ. ಕನ್ನಡವೂ ಚೆನ್ನಾಗೇ ಬರ್ತಿತ್ತು. ಹನ್ನೊಂದು ಗಂಟೆಗೆ ಅವಳು ಕೇಳಿದ್ದು ಒಂದೇ ಪ್ರಶ್ನೆ: "ಬರಂಗಿಲ್ಲ ಅನ್ನಾವ್ರಿಗೆ ಪ್ರತಿ ಸಲಾನೂ ಬರಂಗಿಲ್ಲೇನು?" ಹೌದು, ಸಿಗದವನಿಗೆ ಎಷ್ಟು ಸಲ ಒತ್ತಿದರೂ ಇಲ್ಲ. ಬರೋ ಜನರನ್ನ ಸರ್ವರುಗಳಿಗೆ ಹಂಚೋ ಲೋಡ್ ಬ್ಯಾಲೆನ್ಸರ್ ಒಬ್ಬೊಬ್ಬರನ್ನ ಒಂದೊಂದು ಸರ್ವರ್‌ಗೆ ಅಂಟಿಸಿಬಿಟ್ಟಿರುತ್ತೆ. ಹಾಗಾದರೆ ಕೆಟ್ಟಿದ್ದು ಒಂದೇ ಸರ್ವರ್. ಹಿಂದಿನ ಶನಿವಾರ ಹೊರೆ ಹೆಚ್ಚಾಯ್ತು ಅಂತ ಎರಡನೇ ಸರ್ವರ್ ಒಂದನ್ನ, ಕ್ಲಸ್ಟರಿಗೂ (ಸರ್ವರುಗಳ ಗುಂಪಿಗೂ) ಸೇರಿಸದೆ, ಬಿಡಿಯಾಗಿ ನಿಲ್ಲಿಸಿದ್ದರು. ಆ ಹೆಸರಿನ ಹಿಂದಿರೋ ಡೇಟಾಬೇಸ್ ಸಂಪರ್ಕ, ಅಂದರೆ ಡೇಟಾ ಸೋರ್ಸ್, ಯಾವ ಸರ್ವರಿಗೆ ಸಿಗಬೇಕು ಅಂತ ಹೇಳೋ ಟಾರ್ಗೆಟ್ ಪುಟದಲ್ಲಿ ಹಳೇ ಸರ್ವರ್‌ಗೆ ಮಾತ್ರ ಟಿಕ್ ಇತ್ತು. ಹೊಸಬನಿಗೆ ಆ ಹೆಸರಿನವರು ಯಾರು ಅಂತ ಯಾರೂ ಪರಿಚಯ ಮಾಡಿಸಿರಲಿಲ್ಲ. ಇನ್ನೊಂದು ಟಿಕ್ ಹಾಕಿ, ಬದಲಾವಣೆ ಜಾರಿ ಮಾಡಿ, ಅಪ್ಲಿಕೇಶನ್ ಮತ್ತೆ ಎಬ್ಬಿಸೋಕೆ ಐದು ನಿಮಿಷ ಹಿಡಿಯಲಿಲ್ಲ.

ವರದಿಯಲ್ಲಿ ಕಾರಣ ಅಂತ ಬರೆದಿದ್ದು 'ಕಾನ್ಫಿಗರೇಶನ್ ದೋಷ' ಅನ್ನೋ ಎರಡು ಪದ. ಆ ವರ್ಷದ ಬಹುಮಾನ ಡೆವಲಪ್‌ಮೆಂಟ್ ತಂಡಕ್ಕೆ ಹೋಯ್ತು. ನನಗಿನ್ನೂ ಸಿಟ್ಟಿದೆ, ಯಾಕೆ ಸುಳ್ಳು ಹೇಳಲಿ.

ತಾಯೀ ಹತ್ತಿರ ಅಪ್ಪಾ ಬಳವಂತ ಚೌಕದಲ್ಲಿ ಕೊಂಡ ಉದ್ದನೆಯ ಲೆಕ್ಕದ ಪುಸ್ತಕ ಇತ್ತು. ಕೋಡಿನಲ್ಲಿ ಕರೆಯೋ ಹೆಸರು, ಸರ್ವರಿನಲ್ಲಿರೋ ಹೆಸರು, ಯಾವ್ಯಾವ ಸರ್ವರ್, ಯಾರು ಯಾವಾಗ ಬದಲಿಸಿದ್ದು, ಎಲ್ಲ ಪೆನ್ಸಿಲ್‌ನಲ್ಲಿ. ಪೆನ್ ಯಾಕಿಲ್ಲ ಅಂದರೆ "ಇವು ನಾಳಿಗಿ ಬದಲಾಗ್ತಾವ" ಅಂತಿದ್ದಳು. 2021ರ ಡಿಸೆಂಬರ್ 10, ಶುಕ್ರವಾರ, ಲಾಗ್‌ಫೋರ್‌ಜೆ ಅನ್ನೋ, ಲಾಗ್ ಬರೆಯೋ ಜಾವಾ ಲೈಬ್ರರಿಯ ತೂತು ಹೊರಬಿದ್ದಾಗ ಆ ಪುಸ್ತಕವೇ ನಮ್ಮನ್ನ ಉಳಿಸಿತು. ಲಾಗಿಗೆ ಬರೆಯೋ ಒಂದು ಸಾಲಿನಲ್ಲಿ ಕಳ್ಳ ವಿಳಾಸ ತುರುಕಿದರೆ, ಸರ್ವರ್ ಇದೇ ಜೆಎನ್‌ಡಿಐ ಹಿಡಿದು ಆ ವಿಳಾಸಕ್ಕೆ ಹೋಗಿ ಕಳ್ಳನ ಕೋಡ್ ತಂದು ಓಡಿಸುತ್ತಿತ್ತು. ಅಪಾಯದ ಅಳತೆಯಲ್ಲಿ ಹತ್ತಕ್ಕೆ ಹತ್ತು ಕೊಟ್ಟಿದ್ದರು. ತೂತು ಮುಚ್ಚೋ 2.15 ಆವೃತ್ತಿ ಹಾಕಿ ಕೈ ತೊಳೆಯೋಷ್ಟರಲ್ಲಿ 2.16, ಅದರ ಹಿಂದೆಯೇ 2.17. ಬೇರೆ ತಂಡಗಳು ನಮ್ಮಲ್ಲಿ ಎಷ್ಟು ಸರ್ವರ್ ಇವೆ ಅಂತ ಎಣಿಸ್ತಾ ಕೂತಿದ್ದವು. ನಾವು ಪುಟ ತಿರುಗಿಸಿ ಒಂದೊಂದಕ್ಕೂ ಟಿಕ್ ಹಾಕ್ತಾ ಹೋದೆವು.

ರಾತ್ರಿ ಪಾಳಿ ಹಾಳು, ಅದನ್ನ ನಾನು ಹೊಗಳಲ್ಲ. ಹೊಟ್ಟೆ ಕೆಡುತ್ತೆ, ಹಬ್ಬದ ದಿನವೇ ಫೋನ್ ಬರುತ್ತೆ. ಪಾಸ್‌ವರ್ಡ್ ರೀಸೆಟ್ ಮಾಡ್ತಾ ವರ್ಷ ಕಳೆಯೋ ಸಪೋರ್ಟ್ ಕೆಲಸಗಳೂ ಇವೆ. ಅಂಥದ್ದಾದರೆ ಆರು ತಿಂಗಳಲ್ಲಿ ಓಡು ಅಂತ ಹುಡುಗನಿಗೂ ಹೇಳಿದೆ. ಆದರೆ ಸರ್ವರಿನ ಕನ್ಸೋಲ್ ಕೈಗೆ ಕೊಡ್ತಾರೆ ಅಂದರೆ ಬಿಡಬೇಡ, ಮೊದಲು ಒಂದು ಪುಸ್ತಕ ತಗೋ ಅಂದೆ. ಅವನು ಅನುಮಾನದಿಂದಲೇ ತಲೆಯಾಡಿಸಿ, ನನ್ನ ಚಹಾದ ದುಡ್ಡೂ ತಾನೇ ಕೊಟ್ಟು ಹೋದ.

ನಿನ್ನೆ ರಾತ್ರಿ ಎರಡೂವರೆಗೆ ವಾಟ್ಸಾಪ್ ಬಂತು. ಕಪ್ಪು ಪರದೆಯ ಫೋಟೋ, ಕೆಳಗೆ: "ಅಣ್ಣಾ, ಕೋಡಿನ್ಯಾಗ ಗೆರಿ ಐತಿ, ಇಲ್ಲಿ ಚುಕ್ಕಿ ಯಾಕ ಬರಾಕತ್ತೈತಿ?"

"ಚುಕ್ಕಿ ಬಿಡು. ಟಾರ್ಗೆಟ್ ನೋಡು" ಅಂತ ಬರೆದು ಮಲಗಿದೆ. ಬೆಳಗ್ಗೆ ಎದ್ದು ನೋಡಿದರೆ ಉತ್ತರದಲ್ಲಿ ಇನ್ನೊಂದು ಫೋಟೋ. ಲೆಕ್ಕದ ಪುಸ್ತಕದ ಮೊದಲನೇ ಪುಟ, ಪೆನ್ಸಿಲ್‌ನಲ್ಲಿ ಒಂದೇ ಸಾಲು.